ಹೊಳೆಸಾಹೇಬರ ಪಾಲು

ಹೊಳೆಸಾಹೇಬರು ತಲೆತುಂಬ ಸೋಪು ಹಚ್ಚಿಕೊಂಡು, ಕಣ್ಣು ಮುಚ್ಚಿಕೊಂಡೇ ನಲ್ಲಿಯತ್ತ ಕೈ ಚಾಚಿದರು. ನಲ್ಲಿ ಒಮ್ಮೆ ಕೆಮ್ಮಿತು, ಒಮ್ಮೆ ಬಿಕ್ಕಿತು, ಆಮೇಲೆ ಸುಮ್ಮನಾಯಿತು. ಆಗ ಬೆಳಿಗ್ಗೆ ಸರಿಯಾಗಿ ಆರೂವರೆ.

"ಇವಳೇ, ನೀರು!" ಎಂದು ಅವರು ಬಚ್ಚಲಿನಿಂದ ಕೂಗಿದರು.

"ಹೋಯ್ತು," ಎಂದು ಅಡುಗೆಮನೆಯಿಂದ ಹೆಂಡತಿಯ ಉತ್ತರ ಬಂತು. "ನಿನ್ನೆ ಸಂಜೆನೇ ಮೆಟ್ಟಿಲ ಹತ್ರ ನೋಟೀಸು ಅಂಟಿಸಿದ್ದಾರಲ್ಲ. ಮೂರನೇ ಮಹಡಿಗೆ ಆರರಿಂದ ಆರೂವರೆ ಅಂತ. ನೀವು ಓದ್ಲಿಲ್ವಾ?"

"ನೀನು ಓದಿದ್ಮೇಲೆ ಹೇಳ್ಬಾರದಾಗಿತ್ತಾ?"

"ನೀರಿನ ವಿಷಯ ನಾನು ನಿಮಗೆ ಹೇಳ್ಬೇಕಾ? ಹೊಳೆಗೇ ಯಜಮಾನ್ರು ನೀವು."

ಈ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಅವರ ಕೆಲಸವೇ ನದಿಯ ನೀರು ಹಂಚುವುದು. ಕೊಡ ಹಿಡಿದುಕೊಂಡಲ್ಲ, ಕಂಪ್ಯೂಟರಿನಲ್ಲಿ. ನದಿ ಮಂಡಳಿಯ ಕಚೇರಿಯಲ್ಲಿ ಕುಳಿತು ಹನ್ನೊಂದು ವರ್ಷದಿಂದ ಅವರು ಒಂದು ಇಡೀ ನದಿಯನ್ನು ಪರದೆಯ ಮೇಲೆ ಹರಿಸುತ್ತ ಬಂದಿದ್ದರು. ಇಷ್ಟು ಮಳೆಯಾದರೆ ಅಣೆಕಟ್ಟಿಗೆ ಎಷ್ಟು ಬಂದೀತು, ಮೇಲುಪೇಟೆಯವರು ಇಷ್ಟು ಎತ್ತಿಕೊಂಡರೆ ಕೆಳಪೇಟೆಯವರಿಗೆ ಎಷ್ಟು ಉಳಿದೀತು, ಎಲ್ಲವನ್ನೂ ಅವರ ಕಂಪ್ಯೂಟರು ಕಣ್ಣು ಮಿಟುಕಿಸುವುದರಲ್ಲಿ ಹೇಳುತ್ತಿತ್ತು. ಕೇಳುವವರು ಮಾತ್ರ ಯಾರೂ ಇರಲಿಲ್ಲ. ಎರಡೂ ಪೇಟೆಯವರು ಸಭೆಗೆ ಬರುವರು, ಮೇಜು ಗುದ್ದುವರು, ಬಿಸ್ಕತ್ತು ತಿಂದು ಹೋಗುವರು. ಸಾಹೇಬರ ಹನ್ನೊಂದು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು.

ಇವತ್ತು ಹಾಗಲ್ಲ. ಇವತ್ತು ಮಧ್ಯಾಹ್ನದ ಸಭೆಯೇ ಕೊನೆಯದು. ಎರಡೂ ಪೇಟೆಯವರು ಹಂಚಿಕೆಗೆ ಸಹಿ ಹಾಕಿದರೆ, ಅಣೆಕಟ್ಟಿನ ಪಕ್ಕದ ಕಾಲೊನಿಯಲ್ಲಿ ಖಾಲಿ ಬಿದ್ದಿರುವ ಕ್ವಾರ್ಟರ್ಸು ಸಾಹೇಬರಿಗೆ ಎಂದು ಮುಖ್ಯ ಎಂಜಿನಿಯರು ಮಾತು ಕೊಟ್ಟಿದ್ದರು. ಎರಡು ಕೋಣೆ, ಅಂಗಳ, ಬಚ್ಚಲಲ್ಲಿ ಕಾಲು ಚಾಚಿ ಮಲಗುವಂಥ ತೊಟ್ಟಿ, ಇಪ್ಪತ್ತನಾಲ್ಕು ಗಂಟೆ ನೀರು. ಈ ಕೊನೆಯ ಮಾತನ್ನು ಕೇಳಿದ ದಿನದಿಂದ ಹೆಂಡತಿ ಗಂಡನನ್ನು ಮದುವೆಯ ಹೊಸದರಲ್ಲಿ ನೋಡುತ್ತಿದ್ದ ಹಾಗೆ ನೋಡತೊಡಗಿದ್ದಳು. ಸಹಿ ಬೀಳದಿದ್ದರೆ ಯೋಜನೆಯೇ ಬಂದ್. ಸಾಹೇಬರು ಮತ್ತೆ ಮಳೆ ಅಳೆಯುವ ವಿಭಾಗಕ್ಕೆ ಹೋಗಿ ಕೊಳವೆಯಲ್ಲಿ ಇಣುಕುತ್ತ ಕೂರಬೇಕು.

ಇಂಥ ದಿನ ತಲೆಯ ಮೇಲೆ ಸೋಪು. ಸಾಹೇಬರು ಟವೆಲು ಸುತ್ತಿಕೊಂಡು, ಒಂದು ಕಣ್ಣು ಅರ್ಧ ತೆರೆದು, ಗೋಡೆ ಹಿಡಿದುಕೊಂಡು ಮೆಟ್ಟಿಲ ಹತ್ತಿರ ಬಂದರು.

ಅಲ್ಲಿ ವಾಲ್ವುಗಳ ಮುಂದೆ ಸ್ಟೂಲು ಹಾಕಿಕೊಂಡು ಸ್ಟೇಷನ್ ಮಾಸ್ತರು ಕುಳಿತಿದ್ದರು. ರೈಲ್ವೆಯಿಂದ ನಿವೃತ್ತರಾಗಿ ಆರು ವರ್ಷವಾಗಿತ್ತು, ಆದರೆ ಕೊರಳಿನ ಸೀಟಿ ಇನ್ನೂ ನಿವೃತ್ತವಾಗಿರಲಿಲ್ಲ. ಕಟ್ಟಡದ ಸಂಘಕ್ಕೆ ಅವರೇ ಅಧ್ಯಕ್ಷರು. ಆರು ಮನೆ, ಒಂದು ಟ್ಯಾಂಕು, ದಿನಕ್ಕೆ ಐದು ಸಾವಿರ ಲೀಟರು. ನಿತ್ಯದ ಜಗಳ ನೋಡಿ ಬೇಸತ್ತು ಅವರು ಇವತ್ತಿನಿಂದ ನೀರಿಗೂ ವೇಳಾಪಟ್ಟಿ ಹಾಕಿದ್ದರು.

"ಮಾಸ್ತರೇ, ಐದೇ ಐದು ನಿಮಿಷ ಮೂರನೇ ಮಹಡಿ ವಾಲ್ವ್ ತೆಗೀರಿ. ತಲೆ ತೊಳ್ಕೊಂಡುಬಿಡ್ತೀನಿ."

ಮಾಸ್ತರು ಗಡಿಯಾರ ನೋಡಿದರು. "ಆರೂವರೆ ಗಾಡಿ ಆರೂವರೆಗೆ ಹೊರಟಾಯ್ತು, ಸಾಹೇಬ್ರೇ. ಓಡಿ ಬಂದೋರಿಗೆಲ್ಲ ಗಾಡಿ ನಿಲ್ಲಿಸ್ತಾ ಕೂತಿದ್ರೆ ನಾನು ಮೂವತ್ತೈದು ವರ್ಷ ಸ್ಟೇಷನ್ ನಡೆಸ್ತಿದ್ನಾ?"

"ಕಣ್ಣು ಉರೀತಿದೆ ಮಾಸ್ತರೇ!"

"ಒರೆಸ್ಕೊಳ್ಳಿ."

ಗಲಾಟೆ ಕೇಳಿ ಕೆಳಗಿನಿಂದ ಕುಂಡದಮ್ಮ ಹತ್ತಿ ಬಂದರು. ನೆಲಮಹಡಿಯ ಈ ಹಿರಿಯ ಹೆಂಗಸಿಗೆ ಅರವತ್ತು ಹೂಕುಂಡಗಳು. ಮಕ್ಕಳ ಹೆಸರು ಮರೆತಾರು, ಕುಂಡಗಳ ಹೆಸರು ಮರೆಯರು. ಅವರ ಹಿಂದೆಯೇ ಎರಡನೇ ಮಹಡಿಯಿಂದ ಹಲ್ಲಿನ ಡಾಕ್ಟರಮ್ಮ ಬಂದರು. ಮನೆಯ ಮುಂದಿನ ಕೋಣೆಯೇ ಅವರ ಕ್ಲಿನಿಕ್ಕು.

"ನೀರೆಲ್ಲ ಈ ಡಾಕ್ಟರಮ್ಮನ ಮನೆಗೆ ಹೋಗತ್ತೆ," ಎಂದರು ಕುಂಡದಮ್ಮ, ಯಾರೂ ಕೇಳದಿದ್ದರೂ.

"ನಾನು ಮನುಷ್ಯರ ಬಾಯಿ ತೊಳೀತೀನಿ. ನೀವು ಮಣ್ಣಿಗೆ ಸುರೀತೀರಿ," ಎಂದರು ಡಾಕ್ಟರಮ್ಮ.

"ಮಣ್ಣಂತೆ! ಬನ್ನಿ, ನನ್ನ ಗುಲಾಬಿ ಮುಂದೆ ನಿಂತು ಆ ಮಾತು ಹೇಳಿ ನೋಡೋಣ."

ಮಾಸ್ತರು ಸೀಟಿ ಊದಿದರು. ಎಲ್ಲರೂ ಬೆಚ್ಚಿದರು. ಸಾಹೇಬರ ತಲೆಯಿಂದ ಒಂದು ಸೋಪಿನ ಗುಳ್ಳೆ ಎದ್ದು ಹಾರಿತು.

"ದಿನಾ ಇದೇ ಹಾಡಾಯ್ತು. ಸಾಹೇಬ್ರೇ, ನೀವು ಇಡೀ ನದಿಯನ್ನೇ ಕಂಪ್ಯೂಟರಲ್ಲಿ ಹಂಚ್ತೀರಂತೆ. ನಮ್ಮ ಟ್ಯಾಂಕು ಏನು ಮಹಾ? ಹಂಚಿ ಕೊಡಿ. ಎಲ್ಲರೂ ಒಪ್ಪೋ ಹಾಗೆ ಹಂಚಿದ್ರೆ ನಿಮ್ಮ ನೀರು ನಿಮಗೆ."

ಅಷ್ಟು ಹೇಳಿದ್ದೇ ಸಾಕಾಯಿತು. ಹೆಂಡತಿ ಲ್ಯಾಪ್‌ಟಾಪು ತಂದುಕೊಟ್ಟಳು. ಅತ್ತೆಯವರು ತಮಗೊಂದು ಕುರ್ಚಿ ತಂದುಕೊಂಡರು. ಹೆಂಡತಿಯ ತಾಯಿ ಮಗಳ ಮನೆಗೆಂದು ಒಂದು ವಾರಕ್ಕೆ ಬಂದು ನಾಲ್ಕು ವರ್ಷವಾಗಿತ್ತು. ಅಳಿಯನ ಮೇಲೆ ಅವರಿಗೆ ಬಹಳ ಪ್ರೀತಿ, ನಂಬಿಕೆ ಸ್ವಲ್ಪ ಕಡಿಮೆ. ಸಾಹೇಬರು ಟವೆಲಿನಲ್ಲೇ ಮೆಟ್ಟಿಲ ಮೇಲೆ ಕುಳಿತು, ಮಡಿಲಲ್ಲಿ ಕಂಪ್ಯೂಟರು ಇಟ್ಟುಕೊಂಡು, ಪರದೆಯ ಮೇಲೆ ಒಂದು ಟ್ಯಾಂಕು ಬರೆದು, ಅದಕ್ಕೆ ಆರು ಮನೆ ಜೋಡಿಸಿದರು.

"ಒಬ್ಬೊಬ್ರಾಗಿ ಹೇಳಿ. ದಿನಕ್ಕೆ ಎಷ್ಟು ಬೇಕು?"

"ಎರಡು ಸಾವಿರ ಲೀಟರು," ಎಂದರು ಡಾಕ್ಟರಮ್ಮ. "ಒಂದೊಂದು ಹಲ್ಲಿಗೂ ಎಂಟು ಸಲ ಮುಕ್ಕಳಿಸ್ಬೇಕು."

"ನಂಗೆ ಸಾವಿರದೈನೂರು," ಎಂದರು ಕುಂಡದಮ್ಮ. "ಅದೂ ಹೊಟ್ಟೆ ಕಟ್ಟಿ."

ಒಬ್ಬರೇ ಇರುವ ಮಾಸ್ತರು ಗಂಭೀರವಾಗಿ, "ಬರೀರಿ, ಸಾವಿರದಿನ್ನೂರು," ಎಂದರು. ಅಷ್ಟರಲ್ಲಿ ಸಾಹೇಬರ ಹಿಂದಿನಿಂದ ಹೆಂಡತಿ, "ನಮಗೆ ಸಾವಿರದ ನಾನೂರು," ಎಂದಳು.

"ನಮಗೆ ಐನೂರು ಸಾಕಲ್ಲೇ," ಎಂದು ಸಾಹೇಬರು ಪಿಸುಗುಟ್ಟಿದರು.

"ಸುಮ್ನಿರಿ ನೀವು. ಎಲ್ಲರೂ ಸತ್ಯ ಹೇಳಿದ ದಿನ ನಾವೂ ಹೇಳೋಣ."

ಉಳಿದೆರಡು ಮನೆಯವರದೂ ಸೇರಿ ಒಟ್ಟು ಎಂಟು ಸಾವಿರದ ಇನ್ನೂರು ಲೀಟರು. ಟ್ಯಾಂಕಿನಲ್ಲಿ ಐದು ಸಾವಿರ. ಸಾಹೇಬರು ಗುಂಡಿ ಒತ್ತಿದರು. ಪರದೆ ಕೆಂಪಾಗಿ, "ಸಾಧ್ಯವಿಲ್ಲ" ಎಂದಿತು. ಕಚೇರಿಯಲ್ಲಿ ಹನ್ನೊಂದು ವರ್ಷದಿಂದ ಅವರು ನೋಡುತ್ತ ಬಂದದ್ದೂ ಇದೇ ಕೆಂಪು, ಇದೇ ಮಾತು. ಕಣ್ಣಿನ ಉರಿ ಸೋಪಿನದೋ ದುಃಖದ್ದೋ ಅವರಿಗೇ ತಿಳಿಯಲಿಲ್ಲ.

ಅತ್ತೆಯವರು ಅಳಿಯನ ಹೆಗಲ ಮೇಲಿಂದ ಬಗ್ಗಿ ನೋಡಿದರು. "ಅಳಿಯಂದ್ರೇ, ನೀವು ಕೇಳಿದ್ದೇ ತಪ್ಪು. ನಿಮಗೆಷ್ಟು ಬೇಕು ಅಂತ ಕೇಳಿದ್ರೆ ಯಾರು ತಾನೇ ಸಾಕು ಅಂತಾರೆ? ಪಕ್ಕದ ಮನೆಯವರಿಗೆ ಎಷ್ಟು ಸಾಕು ಅಂತ ಕೇಳಿ ನೋಡಿ."

ಕುಂಡದಮ್ಮ ಉತ್ಸಾಹದಿಂದ ಮುಂದೆ ಬಂದರು. "ಡಾಕ್ಟರಮ್ಮಂಗಾ? ಮುನ್ನೂರು ಹೆಚ್ಚಾಯ್ತು. ಬಾಯಿ ಮುಕ್ಕಳಿಸೋಕೆ ಸಮುದ್ರ ಬೇಕಾ?"

"ಕುಂಡಗಳಿಗೆ ಇನ್ನೂರು ಸಾಕು," ಎಂದರು ಡಾಕ್ಟರಮ್ಮ. "ಅರ್ಧ ಗಿಡ ಒಣಗಿ ಆರು ತಿಂಗಳಾಯ್ತು. ಅವರಿಗೆ ಹೇಳೋಕೆ ಯಾರಿಗೂ ಧೈರ್ಯ ಇಲ್ಲ."

ಹೀಗೆ ಆರೂ ಮನೆಗೆ ಅಕ್ಕಪಕ್ಕದವರು ಉದಾರವಾಗಿ ದಯಪಾಲಿಸಿದ್ದು ಒಟ್ಟು ಸಾವಿರದ ಒಂಬೈನೂರು ಲೀಟರು.

"ನೋಡಿದ್ರಾ? ಅದೂ ಸುಳ್ಳು, ಇದೂ ಸುಳ್ಳು," ಎಂದರು ಅತ್ತೆ. "ಎರಡರ ಮಧ್ಯದ್ದು ಹಿಡೀರಿ. ಯಾರೂ ಸಾಯಲ್ಲ."

ಸಾಹೇಬರು ಮಧ್ಯದ್ದು ಹಿಡಿದರು. ಐದು ಸಾವಿರದ ಐವತ್ತು. ಬರೀ ಐವತ್ತು ಲೀಟರು ಕೊರತೆ! ಅವರಿಗೆ ಮೈ ಜುಮ್ಮೆಂದಿತು. ಆ ಐವತ್ತನ್ನು ಬಿಟ್ಟುಕೊಡುವವರು ಯಾರು ಎಂದು ಕೇಳುವ ಮೊದಲೇ ಎಲ್ಲರೂ ಅವರನ್ನೇ ನೋಡುತ್ತಿದ್ದರು. ಸಾಹೇಬರು ತಲೆಯ ಸೋಪು ನೆನೆದು, "ಆಯ್ತು, ನಮ್ಮನೇದ್ರಲ್ಲೇ ಕಳೀರಿ," ಎಂದರು. ಆರು ಮನೆಯವರೂ ಚಪ್ಪಾಳೆ ತಟ್ಟಿದರು. ಡಾಕ್ಟರಮ್ಮ ಕುಂಡದಮ್ಮನ ಕೈ ಹಿಡಿದರು. ಈ ಕಟ್ಟಡದ ಚರಿತ್ರೆಯಲ್ಲಿ ಅಂಥ ದೃಶ್ಯವನ್ನು ಯಾರೂ ಕಂಡಿರಲಿಲ್ಲ.

"ಇನ್ನು ವಾಲ್ವು ತೆಗೀರಿ ಮಾಸ್ತರೇ," ಎಂದರು ಸಾಹೇಬರು, ಕಣ್ಣು ಮುಚ್ಚಿಕೊಂಡು ನಗುತ್ತ.

"ತೆಗೀತೀನಿ, ತೆಗೀತೀನಿ. ಹೊಸ ವೇಳಾಪಟ್ಟಿ ಅಂದ್ರೆ ನಾಳೆಯಿಂದ ಜಾರಿ ತಾನೇ? ಗಾಡಿ ಹೊರಟ್ಮೇಲೆ ಸಮಯ ಬದಲಾಯ್ಸಿದ್ರೆ ಅಪಘಾತ ಆಗತ್ತೆ."

ಸಾಹೇಬರು ತಲೆಯನ್ನು ಟವೆಲಿನಿಂದ ಒರೆಸಿಕೊಂಡೇ ಕಚೇರಿಗೆ ಹೊರಟರು. ಬಸ್ಸಿನ ಗಾಳಿಗೆ ಸೋಪು ಒಣಗಿ ಕೂದಲು ಒಂದೊಂದೂ ನೆಟ್ಟಗೆ ನಿಂತಿತು. ಇಳಿಯುವಾಗ ಅವರ ತಲೆ ಪಾತ್ರೆ ಉಜ್ಜುವ ಬ್ರಶ್ಶಿನಂತೆ ಕಾಣುತ್ತಿತ್ತು. ಕಚೇರಿಯಲ್ಲಾದರೂ ತೊಳೆದುಕೊಳ್ಳೋಣವೆಂದರೆ ಬಾಗಿಲಲ್ಲೇ ಮುಖ್ಯ ಎಂಜಿನಿಯರು ಕಾದಿದ್ದರು.

"ಎಲ್ರೀ ಹೋಗಿದ್ರಿ? ಮಧ್ಯಾಹ್ನಕ್ಕೆ ಬರಬೇಕಾದೋರು ಹತ್ತು ಗಂಟೆಗೇ ಬಂದು ಕೂತಿದ್ದಾರೆ. ಈಗಾಗಲೇ ಎರಡು ಸಲ ಎದ್ದು ಹೊರಟಿದ್ರು. ಬಿಸ್ಕತ್ತು ಕೊಟ್ಟು ಕೂರಿಸಿದ್ದೀನಿ." ಆಮೇಲೆ ತಲೆ ಕಂಡು ದನಿ ತಗ್ಗಿಸಿದರು. "ಇದೇನ್ರೀ ಇದು?"

"ಸೋಪು ಸಾರ್."

"ಇರ್ಲಿ. ತೊಳೆಯೋಕೆ ಟೈಮಿಲ್ಲ. ನಡೀರಿ ಒಳಗೆ."

ಸಭೆಯ ಕೋಣೆಯಲ್ಲಿ ಮೇಜಿನ ಈ ಕಡೆ ಮೇಲುಪೇಟೆಯ ನಗರಾಧ್ಯಕ್ಷರು ಕುರ್ಚಿ ತುಂಬಿಕೊಂಡು ಕುಳಿತಿದ್ದರು. ಎದುರಿಗೆ ಕೆಳಪೇಟೆಯ ಅಧ್ಯಕ್ಷೆ. ಸಣ್ಣ ಆಳು, ದೊಡ್ಡ ದನಿ, ಹಿಂದೆ ವಕೀಲೆಯಾಗಿದ್ದವರು. ಸಾಹೇಬರ ತಲೆ ಕಂಡದ್ದೇ ಇಬ್ಬರೂ ಒಟ್ಟಿಗೆ ಮಾತು ನಿಲ್ಲಿಸಿದರು.

"ಇವರು ನಮ್ಮ ಸಾಹೇಬ್ರೇನಾ?" ಎಂದು ನಗರಾಧ್ಯಕ್ಷರು ಪಕ್ಕದವರನ್ನು ಕೇಳಿದರು. "ವಿಜ್ಞಾನಿ ಅಂತ ಇವತ್ತು ನೋಡಿದ್ರೇ ಗೊತ್ತಾಗತ್ತೆ ಬಿಡಿ. ತಲೆ ಓಡ್ಸೋರ ತಲೆ ಹಾಗೇ ಇರತ್ತೆ."

ಸಾಹೇಬರು ಗೋಡೆಯ ಮೇಲೆ ನದಿಯನ್ನು ಮೂಡಿಸಿದರು. ನೀಲಿ ಗೆರೆ, ಅದರ ಮೇಲೆ ಅಣೆಕಟ್ಟು, ಅಲ್ಲಿಂದ ಹೊರಡುವ ನಾಲ್ಕು ಬಾಣಗಳು. ನದಿಯ ಒಟ್ಟು ನೀರು ನೂರು ಭಾಗವೆಂದರೆ ಮೇಲುಪೇಟೆ ಕೇಳಿದ್ದು ಎಪ್ಪತ್ತೆಂಟು. ಕೆಳಪೇಟೆ ಕೇಳಿದ್ದು ಅರವತ್ತಾರು. ಸಣ್ಣಪುಟ್ಟ ಬೇಡಿಕೆಗಳನ್ನೆಲ್ಲ ಒಂದೇ ಬುಟ್ಟಿಗೆ ಹಾಕಿದ "ಇತರೆ"ಗೆ ಆರು. ಮತ್ತೆ ಅಣೆಕಟ್ಟಿನ ಕೆಳಗೆ ನದಿ ಬತ್ತದೆ ಹರಿಯುತ್ತಿರಲೆಂದು ನದಿಗೇ ಎಂಟು. ಕೂಡಿದರೆ ನೂರೈವತ್ತೆಂಟು. ಪರದೆ ಕೆಂಪಾಯಿತು.

"ಎಂಟು ನದಿಗಾ?" ಎಂದು ಅಧ್ಯಕ್ಷೆ ಕನ್ನಡಕ ಸರಿಪಡಿಸಿಕೊಂಡರು. "ನದಿಗೆ ಯಾಕ್ರೀ ನೀರು? ಅದನ್ನ ನಮಗೆ ಕೊಡಿ."

"ಅದರಲ್ಲಿ ಅರ್ಧ ನಮಗೆ," ಎಂದರು ನಗರಾಧ್ಯಕ್ಷರು. ಹನ್ನೊಂದು ವರ್ಷದಲ್ಲಿ ಅವರಿಬ್ಬರ ಮಾತು ಕೂಡಿದ್ದು ಅದೇ ಮೊದಲು.

ಸಾಹೇಬರು ಮೆದು ಮನುಷ್ಯ. ಬಸ್ಸಿನಲ್ಲಿ ಕಾಲು ತುಳಿದವರಿಗೂ ತಾವೇ ಕ್ಷಮೆ ಕೇಳುವವರು. ಆದರೆ ಆ ಎಂಟು ಭಾಗವನ್ನು ಅವರು ಹನ್ನೊಂದು ವರ್ಷ ಮಗುವಿನಂತೆ ಕಾಪಾಡಿಕೊಂಡು ಬಂದಿದ್ದರು. ಚಿಕ್ಕಂದಿನಲ್ಲಿ ಈಜು ಕಲಿತ ಹೊಳೆ ಅದು. ಅಣೆಕಟ್ಟಿನ ಕೆಳಗೆ ಬೇಸಗೆಯಲ್ಲಿ ಬರೀ ಕಲ್ಲು ಬಿದ್ದಿರುವುದನ್ನು ನೋಡಿದಾಗಲೆಲ್ಲ ಅವರ ಎದೆ ಹಿಂಡುತ್ತಿತ್ತು.

"ಅದನ್ನ ಮುಟ್ಟೋ ಹಾಗಿಲ್ಲ!" ಎಂದರು ಅವರು. ದನಿ ಇಷ್ಟು ಜೋರಾಗಿ ಬಂದದ್ದು ಅವರಿಗೂ ಆಶ್ಚರ್ಯ. "ನದಿಗೆ ನೀರಿಲ್ಲ ಅಂದ್ಮೇಲೆ ಅದನ್ನ ನದಿ ಅಂತ ಯಾಕೆ ಕರೀಬೇಕು? ಎಂಟು ಅಂದ್ರೆ ಎಂಟು."

ನೆಟ್ಟಗೆ ನಿಂತ ಕೂದಲಿನ ಕೆಳಗಿನಿಂದ ಬಂದ ಮಾತಾದ್ದರಿಂದ ಅದಕ್ಕೆ ವಿಶೇಷ ತೂಕ ಬಂತು. ಇಬ್ಬರೂ ಹಿಂದೆ ಒರಗಿದರು. ಅದೇ ಬಿಸಿಯಲ್ಲಿ ಸಾಹೇಬರು ಅತ್ತೆಯ ವಿದ್ಯೆಯನ್ನು ಹೊರತೆಗೆದರು.

"ನಗರಾಧ್ಯಕ್ಷರೇ, ನಿಮ್ಮದು ಬಿಡಿ. ಕೆಳಪೇಟೆಗೆ ಎಷ್ಟು ಸಾಕು, ನೀವು ಹೇಳಿ."

ನಗರಾಧ್ಯಕ್ಷರ ಮುಖ ಅರಳಿತು. ಇಷ್ಟು ವರ್ಷದಲ್ಲಿ ಇದನ್ನು ಯಾರೂ ಅವರನ್ನು ಕೇಳಿರಲಿಲ್ಲ. "ಹದಿನಾಲ್ಕು! ಅಲ್ಲಿ ಇರೋದೇ ನಾಲ್ಕು ಬೀದಿ."

"ಅಧ್ಯಕ್ಷೆಯವರೇ, ಮೇಲುಪೇಟೆಗೆ?"

"ಇಪ್ಪತ್ತು. ಅದೂ ಅವರ ಮಕ್ಕಳ ಮುಖ ನೋಡ್ಕೊಂಡು."

ಸಾಹೇಬರು ಮಧ್ಯದ್ದು ಹಿಡಿದರು. ಮೇಲುಪೇಟೆಗೆ ನಲವತ್ತೊಂಬತ್ತು, ಕೆಳಪೇಟೆಗೆ ನಲವತ್ತು, ನದಿಗೆ ಎಂಟು. ಒಟ್ಟು ತೊಂಬತ್ತೇಳು. ಮುಖ್ಯ ಎಂಜಿನಿಯರು ಬಾಯಿಗೆ ಹಾಕಿದ್ದ ಬಿಸ್ಕತ್ತನ್ನು ಅಗಿಯುವುದು ಮರೆತರು.

"ನಲವತ್ತೊಂಬತ್ತು ಅಂತ ಊರಲ್ಲಿ ಹೇಗ್ರೀ ಹೇಳೋದು?" ಎಂದು ಗೊಣಗಿದರು ನಗರಾಧ್ಯಕ್ಷರು. "ಐವತ್ತು ಮಾಡಿ. ಕೇಳೋಕೆ ಗೌರವ ಇರತ್ತೆ. ಈಗಲೇ ಸಹಿ ಹಾಕ್ತೀನಿ."

"ಅವರಿಗೆ ಒಂದು ಹೆಚ್ಚಾದ್ರೆ ನಮಗೂ ಒಂದು," ಎಂದರು ಅಧ್ಯಕ್ಷೆ ತಕ್ಷಣ.

ಐವತ್ತು, ನಲವತ್ತೊಂದು, ಎಂಟು. ತೊಂಬತ್ತೊಂಬತ್ತು. ಉಳಿದದ್ದು ಒಂದು. "ಇತರೆ" ಆರು ಕೇಳಿತ್ತು.

ಸಾಹೇಬರ ಬೆರಳು ಗುಂಡಿಯ ಮೇಲೆ ನಿಂತಿತು. "ಇತರೆಯವರನ್ನ ಒಂದು ಮಾತು ಕೇಳ್ಬೇಕು," ಎಂದರು.

"ಯಾರು ಇತರೆ?" ಎಂದರು ನಗರಾಧ್ಯಕ್ಷರು, ಸುತ್ತ ನೋಡುತ್ತ. ಅಧ್ಯಕ್ಷೆ ಬಾಗಿಲ ಕಡೆ ನೋಡಿದರು. ಇತರೆಯ ಪಟ್ಟಿ ಸಾಹೇಬರಿಗಿಂತ ಹಿಂದೆ ಇದ್ದವರು ಮಾಡಿಟ್ಟು ನಿವೃತ್ತರಾದದ್ದು. ಅದರಲ್ಲಿ ಒಂದು ಸಸಿಗಳ ನರ್ಸರಿ, ಒಂದು ಮೀನಿನ ಹೊಂಡ ಇದ್ದದ್ದು ಸಾಹೇಬರಿಗೆ ನೆನಪಿತ್ತು. ಮಿಕ್ಕದ್ದನ್ನು ತೆರೆದು ನೋಡುವ ಪ್ರಸಂಗವೇ ಬಂದಿರಲಿಲ್ಲ. ಇಷ್ಟು ವರ್ಷದಲ್ಲಿ ಇತರೆಯ ಪರವಾಗಿ ಸಭೆಗೆ ಯಾರೂ ಬಂದದ್ದಿಲ್ಲ, ಒಂದು ಬಿಸ್ಕತ್ತೂ ತಿಂದದ್ದಿಲ್ಲ.

ಮುಖ್ಯ ಎಂಜಿನಿಯರು ಕಿವಿಯ ಹತ್ತಿರ ಬಗ್ಗಿದರು. "ಬೆಳಿಗ್ಗೆಯಿಂದ ರಾತ್ರಿವರೆಗೂ ನೀರು ಬರೋ ಕ್ವಾರ್ಟರ್ಸು, ಮರೀಬೇಡಿ. ಒತ್ರೀ."

ಸಾಹೇಬರು ಒತ್ತಿದರು. ಪರದೆ ಹಸಿರಾಯಿತು. ಅದು ಹಸಿರಾಗಬಲ್ಲದು ಎಂಬುದೇ ಆ ಕಚೇರಿಯಲ್ಲಿ ಅನೇಕರಿಗೆ ಗೊತ್ತಿರಲಿಲ್ಲ.

ಬೆಳಗಿನ ಪಾಠ ಅವರಿಗೆ ಇನ್ನೂ ಹಸಿಯಾಗಿತ್ತು. ನಾಳೆಯಿಂದ ಜಾರಿ ಎಂದರೆ ನಾಳೆಯೊಳಗೆ ಯಾರಾದರೂ ಮನಸ್ಸು ಬದಲಾಯಿಸಿಯಾರು. ಆದ್ದರಿಂದ ಒಪ್ಪಂದದ ಕೆಳಗೆ ಅವರೇ ಕೈಯಾರೆ ಎರಡು ಸಾಲು ಸೇರಿಸಿದರು: ಈ ಹಂಚಿಕೆ ಇವತ್ತು ಸಂಜೆ ಐದು ಗಂಟೆಯಿಂದಲೇ ಜಾರಿ, ಎರಡೂ ಪೇಟೆಯವರು ಒಪ್ಪದೆ ಮೂರು ವರ್ಷ ಯಾರೂ ಇದನ್ನು ಮುಟ್ಟುವ ಹಾಗಿಲ್ಲ. ನಗರಾಧ್ಯಕ್ಷರು ಸಹಿ ಹಾಕಿದರು. ಅಧ್ಯಕ್ಷೆ ಮೂರು ಸಲ ಓದಿ ಸಹಿ ಹಾಕಿದರು. ಮುಖ್ಯ ಎಂಜಿನಿಯರು ಅಲ್ಲಿಂದಲೇ ಅಣೆಕಟ್ಟಿನ ಪಂಪ್‌ಹೌಸಿಗೆ ಫೋನು ಮಾಡಿ ಅಂಕಿಗಳನ್ನು ಬರೆಸಿ, ಡ್ರಾಯರಿನಿಂದ ಬೀಗದ ಕೈ ತೆಗೆದು ಸಾಹೇಬರ ಅಂಗೈಯಲ್ಲಿಟ್ಟರು. ಸಾಹೇಬರ ಕಣ್ಣು ತುಂಬಿ ಬಂತು. ಈ ಸಲ ಅದು ಸೋಪಿನದಾಗಿರಲಿಲ್ಲ.

ಅವರು ಮನೆಗೆ ಫೋನು ಮಾಡಿದರು. "ಆಯ್ತು ಕಣೇ. ಕೀ ಸಿಕ್ತು."

ಆ ಕಡೆಯಿಂದ ಹೆಂಡತಿಯ ಸಂತೋಷದ ಕೂಗು ಕಚೇರಿಯವರಿಗೆಲ್ಲ ಕೇಳಿಸಿತು. ಮೆಟ್ಟಿಲಿಗೂ ಕೇಳಿಸಿರಬೇಕು, ಯಾಕೆಂದರೆ ಅವಳ ಹಿಂದೆಯೇ ಕುಂಡದಮ್ಮನ ದನಿ, "ಏನಂತೆ? ಏನಂತೆ?" ಎನ್ನುತ್ತಿತ್ತು.

ಸಂಜೆ ಐದೂವರೆಗೆ ಸಾಹೇಬರು, ಹೆಂಡತಿ, ಅತ್ತೆ ಮೂವರೂ ಟ್ಯಾಕ್ಸಿ ಮಾಡಿಕೊಂಡು ಕ್ವಾರ್ಟರ್ಸಿಗೆ ಬಂದರು. ಕಾಲೊನಿಯ ಮೇಲ್ವಿಚಾರಕ ಗೇಟು ತೆರೆದ. ಮನೆ ಹೇಳಿದ್ದಕ್ಕಿಂತ ಚೆನ್ನಾಗಿತ್ತು. ಅಂಗಳದ ತುಂಬ ಬೆಳಕು. ಅಡುಗೆಮನೆಯ ಕಿಟಕಿ ತೆಗೆದರೆ ಎದುರಿಗೇ ಜಲಾಶಯ, ದಡದಿಂದ ದಡಕ್ಕೆ ತುಂಬಿ ತುಳುಕುತ್ತಿತ್ತು. ಹೆಂಡತಿ ಗಂಡನ ತೋಳು ಹಿಡಿದುಕೊಂಡಳು. ಆಮೇಲೆ ಓಡಿಹೋಗಿ ಬಚ್ಚಲಿನ ಬಾಗಿಲು ತೆರೆದು, ಬಿಳಿಯ ತೊಟ್ಟಿಯನ್ನು ಸವರಿ, ದೊಡ್ಡ ಹಿತ್ತಾಳೆಯ ನಲ್ಲಿಯನ್ನು ಪೂರ್ತಿ ತಿರುಗಿಸಿದಳು.

ಗಾಳಿ ಬಂತು. ಆಮೇಲೆ ಅದೂ ನಿಂತಿತು.

"ಇಪ್ಪತ್ನಾಲ್ಕು ಗಂಟೆ ನೀರು ಅಂದ್ರಲ್ಲ?" ಎಂದಳು ಹೆಂಡತಿ.

"ಬರ್ತಿತ್ತು ಅಮ್ಮಾ," ಎಂದ ಮೇಲ್ವಿಚಾರಕ. "ಇಪ್ಪತ್ತು ವರ್ಷ ಒಂದು ದಿನವೂ ನಿಂತದ್ದಿಲ್ಲ. ಇವತ್ತು ಐದು ಗಂಟೆಗೆ ನಿಲ್ಲಿಸಿದ್ರು. ಮೇಲಿನಿಂದ ಹೊಸ ಆದೇಶವಂತೆ. ಇನ್ಮೇಲೆ ಆರು ದಿನಕ್ಕೆ ಒಂದು ದಿನ. ಮುಂದಿನ ಸರದಿ ಮಂಗಳವಾರ."

ಸಾಹೇಬರು ಅವನತ್ತ ತಿರುಗಿದರು. "ಯಾರ್ಯಾರಿಗೆ ಹಾಗೆ?"

"ನರ್ಸರಿ, ಮೀನಿನ ಹೊಂಡ, ಅತಿಥಿಗೃಹ, ಮತ್ತೆ ನಮ್ಮ ಕಾಲೊನಿ. ಪಟ್ಟಿಯಲ್ಲಿ ನಮ್ಮನ್ನೆಲ್ಲ ಇತರೆ ಅಂತಾರಂತೆ. ಯಾರೋ ಪುಣ್ಯಾತ್ಮ ಕಂಪ್ಯೂಟರ್ ಮುಂದೆ ಕೂತು ಆರನ್ನ ಒಂದು ಮಾಡಿದ್ದಾನೆ. ಅವನಿಗೆ ಒಂದು ವಾರ ಇಲ್ಲಿ ಬಂದು ಇರೋಕೆ ಹೇಳ್ಬೇಕು ಸಾರ್."

ಸಾಹೇಬರು ತೊಟ್ಟಿಯ ಅಂಚಿನ ಮೇಲೆ ಕುಳಿತುಬಿಟ್ಟರು. ಹೆಂಡತಿ ಅವರನ್ನೇ ನೋಡಿದಳು. ಹದಿನೈದು ವರ್ಷದ ಸಂಸಾರ. ಆ ಮುಖ ನೋಡಿದ ಮೇಲೆ ಅವಳಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

"ಆ ಪುಣ್ಯಾತ್ಮ ನೀವೇನಾ?"

"ನದಿಗೆ ಎಂಟು ಉಳಿಸ್ಬೇಕಾಗಿತ್ತು ಕಣೇ," ಎಂದರು ಸಾಹೇಬರು.

"ಹೋಗಿ ಅದೇ ಕಂಪ್ಯೂಟರಲ್ಲಿ ತಿದ್ದಿ ಬನ್ನಿ."

"ಮೂರು ವರ್ಷ ಯಾರೂ ಮುಟ್ಟೋ ಹಾಗಿಲ್ಲ. ನಾನೇ ಬರೆದದ್ದು."

ಹೆಂಡತಿ ಹಿತ್ತಾಳೆಯ ನಲ್ಲಿಯನ್ನು ತಿರುಗಿಸಿ ಮುಚ್ಚಿದಳು. ಬೈಯುವುದಕ್ಕೆ ಎಲ್ಲಿಂದ ಆರಂಭಿಸಬೇಕೋ ತಿಳಿಯಲಿಲ್ಲ. ಸಾಹೇಬರು ಬಚ್ಚಲಿನ ಕಿಟಕಿಯಿಂದ ಹೊರಗೆ ನೋಡಿದರು. ಅಣೆಕಟ್ಟಿನ ಕೆಳಗೆ, ನಿನ್ನೆಯವರೆಗೆ ಬರೀ ಕಲ್ಲಿದ್ದ ಕಡೆ, ತೆಳುವಾಗಿ ನೀರು ಹರಿಯಲು ಶುರುವಾಗಿತ್ತು. ಎಂಟು ಭಾಗ. ಅಂಥ ಸ್ಥಿತಿಯಲ್ಲೂ ಅವರ ಮನಸ್ಸಿನ ಒಂದು ಮೂಲೆಗೆ ಖುಷಿಯಾಯಿತು. ಅದನ್ನು ಹೆಂಡತಿಗೆ ತೋರಿಸುವ ಸಮಯ ಇದಲ್ಲವೆಂದು ಅವರು ಕಿಟಕಿಗೆ ಬೆನ್ನು ಹಾಕಿದರು.

"ಸದ್ಯಕ್ಕೆ ನಮ್ಮನೆಗೇ ವಾಪಸು ಹೋಗೋಣ," ಎಂದು ಅವರು ಮಾಸ್ತರಿಗೆ ಫೋನು ಹಚ್ಚಿದರು. "ಮಾಸ್ತರೇ, ನಾವು ಮನೆ ಬಿಡ್ತಾ ಇಲ್ಲ. ಬರ್ತಾ ಇದ್ದೀವಿ."

"ಬನ್ನಿ, ಬನ್ನಿ. ನೀವಿಲ್ದೆ ಮೆಟ್ಟಿಲೆಲ್ಲ ಭಣಭಣ ಅಂತಿದೆ," ಎಂದರು ಮಾಸ್ತರು ನಿಜವಾದ ಪ್ರೀತಿಯಿಂದ. "ಆದ್ರೆ ನೀರೊಂದಿಲ್ಲ. ನಿಮ್ಮ ಪಾಲು ಹಂಚಾಯ್ತು. ನೀವೆಲ್ಲ ಟ್ಯಾಕ್ಸಿ ಹತ್ತಿದ ಮೇಲೆ ನಾಲ್ಕೂವರೆಗೆ ಸಭೆ ಸೇರಿದ್ವಿ. ಒಮ್ಮತದ ತೀರ್ಮಾನ."

"ನಮ್ಮನ್ನ ಕೇಳ್ದೆ?"

"ನಿಮ್ಮನ್ನ ಯಾಕೆ ಕೇಳ್ತಾರೆ? ನೀವೇ ಕಲಿಸಿದ ಪದ್ಧತಿ, ಅಕ್ಕಪಕ್ಕದವರನ್ನ ಕೇಳಿದ್ವಿ. ಊರು ಬಿಟ್ಟು ಹೋಗೋರಿಗೆ ಎಷ್ಟು ಬೇಕು ಅಂತ. ಎಲ್ಲರೂ ಸೊನ್ನೆ ಅಂದ್ರು. ನಿಮ್ಮ ಕಡೆಯಿಂದ ಹೇಳೋಕೆ ಯಾರೂ ಇರ್ಲಿಲ್ಲ, ಅದೂ ಸೊನ್ನೆ. ಸೊನ್ನೆಗೂ ಸೊನ್ನೆಗೂ ಮಧ್ಯದ್ದು ಎಷ್ಟು ಸಾಹೇಬ್ರೇ?"

"ಸೊನ್ನೆ," ಎಂದರು ಹೊಳೆಸಾಹೇಬರು. ಲೆಕ್ಕದಲ್ಲಿ ಅವರು ಎಂದೂ ತಪ್ಪಿದವರಲ್ಲ.

"ಹೊಸ ವೇಳಾಪಟ್ಟಿ ಅಂಟಿಸಿದ್ದೀನಿ. ಬರೋವಾಗ ಓದ್ಕೊಂಡೇ ಬನ್ನಿ," ಎಂದು ಮಾಸ್ತರು ಫೋನು ಇಟ್ಟರು.

ಅಷ್ಟು ಹೊತ್ತು ಬಾಗಿಲಿಗೆ ಒರಗಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಅತ್ತೆಯವರು ಬಂದು ಅಳಿಯನ ಒರಟು ತಲೆಯ ಮೇಲೆ ಕೈಯಿಟ್ಟರು.

"ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತ ಕೇಳಿದ್ದೆ, ಅಳಿಯಂದ್ರೇ," ಎಂದರು. "ರಾಜಿಯಾದ್ರೂ ಬಡವಾಗತ್ತೆ ಅಂತ ಇವತ್ತೇ ನೋಡಿದ್ದು."